ಅಳೆಯದ ಬಿಸಿನೀರು, ಅಳಿಯುವ ಕಾಡು

ಹಾವೇರಿ ಜಿಲ್ಲೆಯ ಸವಣೂರು ಮಲೆನಾಡಿನ ಊರಲ್ಲ. ನವಾಬರ ಆಳ್ವಿಕೆ, ದೊಡ್ಡಹುಣಸೆ ಕಲ್ಮಠದ ಬೃಹತ್ ಮರಗಳು, ವೀಳ್ಯದೆಲೆ, ಖಾರ ಇವುಗಳಿಗೆ ಹೆಸರಾದ ಬಯಲುನಾಡಿನ ಪಟ್ಟಣವದು. ಆದರೂ ಮಲೆನಾಡಿಗೂ ಸವಣೂರಿಗೂ ಹಳೆಯ ನಂಟಿದೆ. ಸಾಗರ ಸೀಮೆಯಲ್ಲಿ ಹುಟ್ಟಿದ ವರದೆ ಬನವಾಸಿಯನ್ನು ಬಳಸಿ, ಹಾನಗಲ್ಲು, ಸವಣೂರು, ಹಾವೇರಿ ತಾಲ್ಲೂಕುಗಳ ನೆಲವನ್ನು ತೋಯಿಸಿ ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಎರಡನೆಯ ನಂಟು ಕಣ್ಣಿಗೆ ಕಾಣುವಂಥದ್ದಲ್ಲ. ಅದು ವಿದ್ಯುತ್ ತಂತಿಯಲ್ಲಿ ಹರಿಯುತ್ತದೆ. ಬೆಳಗಿನ ಆರು ಗಂಟೆಗೆ ಸವಣೂರಿನ ಬಚ್ಚಲಿನಲ್ಲಿ ಗೀಸರಿನ ಕೆಂಪು ದೀಪ ಹೊತ್ತಿಕೊಂಡಾಗ ರಾಜ್ಯದ ವಿದ್ಯುತ್ ಜಾಲದ ಹೊರೆ ಅಷ್ಟರಮಟ್ಟಿಗೆ ಏರುತ್ತದೆ. ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರುಗಳಲ್ಲಿಯೂ ಅದೇ ಹೊತ್ತಿಗೆ ಅದೇ ದೀಪ ಹೊತ್ತುತ್ತದೆ. ಹೀಗೆ ಥಟ್ಟನೆ ಏರುವ ಹೊರೆಗೆ ಹೆಗಲು ಕೊಡಬೇಕಾದವು ಘಟ್ಟದ ನದಿಗಳ ಜಲವಿದ್ಯುತ್ ಕೇಂದ್ರಗಳು.

ಆ ದೀಪ ಹೊತ್ತಿಸಿದ ಮನೆಯವರನ್ನು ಒಂದು ಪ್ರಶ್ನೆ ಕೇಳಬೇಕು: ಗೀಸರಿನೊಳಗಿನ ನೀರು ಈಗ ಎಷ್ಟು ಡಿಗ್ರಿ ಇದೆ? ಉತ್ತರ ದೊರೆಯಲಾರದು. ಮಲೆನಾಡಿನ ಬಚ್ಚಲ ಹಂಡೆಯ ಮುಂದೆ ನಿಂತು ಕೇಳಿದರೂ ದೊರೆಯಲಾರದು. “ಸುಡುತ್ತದೆ”, “ಬೆಚ್ಚಗಿದೆ”, “ಇನ್ನೂ ಕಾದಿಲ್ಲ” ಎಂಬ ಮೂರು ಮಾತುಗಳಲ್ಲಿಯೇ ಬಿಸಿನೀರಿನ ಲೆಕ್ಕವೆಲ್ಲ ಮುಗಿದುಹೋಗುತ್ತದೆ. ಈ ಅಜ್ಞಾನಕ್ಕೆ ತೆರುವ ಬೆಲೆ ಸಣ್ಣದಲ್ಲ.

ಅಳೆಯುವ ನಾಡಿನಲ್ಲಿ ಅಳತೆ ಮರೆತ ಬಚ್ಚಲು

ಹಳ್ಳಿಗರಿಗೆ ಅಳತೆ ಹೊಸದಲ್ಲ. ಹಾಲಿನ ಡೇರಿಯಲ್ಲಿ ದಿನಕ್ಕೆರಡು ಬಾರಿ ಕೊಬ್ಬಿನಂಶ ಅಳೆದ ಮೇಲೆಯೇ ಹಣದ ಮಾತು. ಗೋವಿನಜೋಳದ ತೇವಾಂಶ ಶೇಕಡಾ ಒಂದು ಹೆಚ್ಚಿದರೂ ಮಂಡಿಯಲ್ಲಿ ದರ ಇಳಿಯುತ್ತದೆ. ಮಳೆ ಎಷ್ಟು ಮಿಲಿಮೀಟರ್ ಬಿತ್ತೆಂದು ಗ್ರಾಮ ಪಂಚಾಯತಿ ಮಟ್ಟದಲ್ಲಿ ಅಳೆಯುವ ಮಾಪಕಗಳನ್ನು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ನೆಟ್ಟಿದೆ. ಅಡಿಕೆ ಬೆಳೆಗಾರ ದರದ ಏರಿಳಿತವನ್ನು ರೂಪಾಯಿಯ ಲೆಕ್ಕದಲ್ಲಿ ಹೇಳಬಲ್ಲ. ಆದರೆ ದಿನವೂ ಉರಿಯುವ ಬಚ್ಚಲ ಒಲೆಗೆ ಮಾತ್ರ ಅಂಗೈಯೇ ಮಾಪಕ.

ಅಂಗೈ ನಂಬಿಕೆಗೆ ಅರ್ಹವಾದ ಮಾಪಕವಲ್ಲ. ಯಾವ ಶಾಲೆಯಲ್ಲಾದರೂ ಇದನ್ನು ಪರೀಕ್ಷಿಸಬಹುದು. ಒಂದು ಕೈಯನ್ನು ತಣ್ಣೀರಿನಲ್ಲಿಯೂ ಇನ್ನೊಂದನ್ನು ಸಹಿಸಬಹುದಾದ ಬಿಸಿನೀರಿನಲ್ಲಿಯೂ ಎರಡು ನಿಮಿಷ ಇಟ್ಟು, ಅನಂತರ ಎರಡನ್ನೂ ಒಂದೇ ಬೋಗುಣಿಯ ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿದರೆ ಒಂದು ಕೈ “ಬಿಸಿ” ಎನ್ನುತ್ತದೆ, ಇನ್ನೊಂದು “ತಂಪು” ಎನ್ನುತ್ತದೆ. ನೀರು ಒಂದೇ, ಸಾಕ್ಷಿ ಎರಡು. ಮುಂಜಾನೆ ಪಾತ್ರೆ ತೊಳೆದು ತಣ್ಣಗಾದ ಕೈಯಿಂದಲೂ, ಒಲೆಯ ಮುಂದೆ ಕುಳಿತು ಕಾದ ಕೈಯಿಂದಲೂ ಸರಿಯಾದ ತೀರ್ಪು ಬರುವುದಿಲ್ಲ.

ಒಂದು ಬಕೆಟ್ ಜಳಕದ ಲೆಕ್ಕ

ಲೆಕ್ಕ ಕಠಿಣವಾದುದೇನಲ್ಲ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯಿಸಲು ಒಂದು ಕಿಲೋ ಕ್ಯಾಲೊರಿ ಶಾಖ ಬೇಕು. ಒಂದು ಯೂನಿಟ್ ವಿದ್ಯುತ್ತಿನಿಂದ ಸಿಗುವುದು ಸುಮಾರು 860 ಕಿಲೋ ಕ್ಯಾಲೊರಿ. ಮೈಗೆ ಹಿತವೆನಿಸುವ ಜಳಕದ ನೀರಿನ ಉಷ್ಣತೆ 40 ಡಿಗ್ರಿಯ ಆಸುಪಾಸು. ತೊಟ್ಟಿಯ ನೀರು 25 ಡಿಗ್ರಿ ಇದ್ದರೆ, 20 ಲೀಟರಿನ ಒಂದು ಬಕೆಟ್ಟನ್ನು 40 ಡಿಗ್ರಿಗೆ ಏರಿಸಲು 300 ಕಿಲೋ ಕ್ಯಾಲೊರಿ, ಅಂದರೆ ಮೂರನೆಯ ಒಂದು ಯೂನಿಟ್ಟಿಗಿಂತ ತುಸು ಹೆಚ್ಚು ಬೇಕಾಗುತ್ತದೆ. ನಾಲ್ಕು ಜನರಿರುವ ಮನೆಗೆ ದಿನಕ್ಕೆ ಸುಮಾರು 1.4 ಯೂನಿಟ್, ತಿಂಗಳಿಗೆ 42 ಯೂನಿಟ್. ಇದು ನಿಜವಾದ ಅಗತ್ಯ.

ಇದಕ್ಕಿಂತ ಹೆಚ್ಚಿಗೆ ಖರ್ಚಾಗುವುದೆಲ್ಲ ಜಳಕಕ್ಕೆ ಸೇರದ ಶಾಖ. ನೀರನ್ನು 60 ಅಥವಾ 70 ಡಿಗ್ರಿಗೆ ಕಾಯಿಸಿ ತಣ್ಣೀರು ಬೆರೆಸಿಕೊಳ್ಳುವುದೇ ನಷ್ಟವೆಂಬ ತಪ್ಪು ತಿಳಿವಳಿಕೆ ಅನೇಕರಲ್ಲಿದೆ. ಬೆರೆಸಿದಾಗ ಶಾಖ ಎಲ್ಲಿಗೂ ಹೋಗುವುದಿಲ್ಲ. ಅದು ಬಕೆಟ್ಟಿನಲ್ಲಿಯೇ ಇರುತ್ತದೆ. ನಷ್ಟವಾಗುವುದು ಕಾಯಿಸಿದ ನೀರನ್ನು ಇಟ್ಟುಕೊಂಡಾಗ. ಬಿಸಿ ವಸ್ತು ಸುತ್ತಲಿನ ಗಾಳಿಗಿಂತ ಎಷ್ಟು ಹೆಚ್ಚು ಬಿಸಿಯಾಗಿರುತ್ತದೆಯೋ ಅಷ್ಟೇ ವೇಗವಾಗಿ ಶಾಖವನ್ನು ಕಳೆದುಕೊಳ್ಳುತ್ತದೆ. ಎಪ್ಪತ್ತು ಡಿಗ್ರಿಯ ಸಿಲಿಂಡರ್ ಐವತ್ತು ಡಿಗ್ರಿಯ ಸಿಲಿಂಡರಿಗಿಂತ ಬೇಗ ಸೋರುತ್ತದೆ. ಇಡೀ ದಿನ ಸ್ವಿಚ್ ಹಾಕಿಯೇ ಇಟ್ಟ ಗೀಸರಿನಲ್ಲಿ ಉಷ್ಣತೆ ತುಸು ಇಳಿದ ಕೂಡಲೇ ತಂತು ಮತ್ತೆ ಕಾಯುತ್ತದೆ. ಮನೆಯವರೆಲ್ಲ ಹೊಲಕ್ಕೆ, ಶಾಲೆಗೆ ಹೋದ ಮೇಲೆಯೂ ಅದು ಖಾಲಿ ಬಚ್ಚಲಿನ ಗಾಳಿಯನ್ನು ಬೆಚ್ಚಗೆ ಮಾಡುತ್ತಿರುತ್ತದೆ.

ಈ ಸೋರಿಕೆಯನ್ನು ತಿಳಿದವರು ಇಲ್ಲದಿಲ್ಲ. ಗೀಸರಿನ ಮೇಲೆ ಅಂಟಿಸುವ ನಕ್ಷತ್ರಗಳ ಪಟ್ಟಿ ಹೇಳುವುದು ಇದನ್ನೇ. ಸಿಲಿಂಡರಿನ ನೀರು ಸುತ್ತಲಿನ ಗಾಳಿಗಿಂತ 45 ಡಿಗ್ರಿ ಹೆಚ್ಚು ಬಿಸಿ ಇರುವಾಗ 24 ಗಂಟೆಗಳಲ್ಲಿ ಎಷ್ಟು ಯೂನಿಟ್ ಶಾಖ ಸೋರುತ್ತದೆ ಎಂಬ ಅಂಕಿಯ ಮೇಲೆ ಆ ನಕ್ಷತ್ರಗಳು ನಿಂತಿವೆ. ಆದರೆ ಕೊಂಡು ತಂದ ಮರುದಿನ ಆ ಪಟ್ಟಿ ಕಸಕ್ಕೆ ಹೋಗುತ್ತದೆ. ಉಷ್ಣತೆ ನಿಯಂತ್ರಿಸುವ ಥರ್ಮೋಸ್ಟಾಟ್ ಎಷ್ಟೋ ಗೀಸರುಗಳಲ್ಲಿ ಸ್ಕ್ರೂ ಬಿಗಿದ ಮುಚ್ಚಳದ ಒಳಗೆ ಅಡಗಿ ಕುಳಿತಿರುತ್ತದೆ. ಬಳಕೆದಾರನಿಗೆ ಕಾಣುವುದು ಕೆಂಪು ದೀಪವೊಂದೇ. ಅದು ತಂತು ಕಾಯುತ್ತಿದೆ ಎನ್ನುತ್ತದೆಯೇ ಹೊರತು ನೀರು ಎಷ್ಟು ಕಾದಿದೆ ಎನ್ನುವುದಿಲ್ಲ. ಬಾವಿಗೆ ಇಣುಕದೆ ಪಂಪ್ ಹಚ್ಚಿ ಕುಳಿತ ರೈತನ ಸ್ಥಿತಿ ಇದು.

ಸೂರ್ಯನಿಗೂ ಬಾಗಿಲು ಮುಚ್ಚಿದ ಮನೆಗಳು

ಛಾವಣಿಯ ಮೇಲೆ ಸೋಲಾರ್ ಇದ್ದರೆ ಸಾಕು, ಅಳತೆ ಬೇಡ ಎನ್ನುವವರಿದ್ದಾರೆ. ದಿನಕ್ಕೆ 100 ಲೀಟರಿನ ಸಾಮಾನ್ಯ ಸೌರ ಹೀಟರಿಗೆ ಎರಡು ಚದರ ಮೀಟರಿನ ಫಲಕವಿರುತ್ತದೆ. ಸವಣೂರಿನಂಥ ಊರಿನ ತಿಳಿ ಬಿಸಿಲಿನ ದಿನದಲ್ಲಿ ಅದರ ಮೇಲೆ ಬೀಳುವ ಶಾಖ ಸುಮಾರು 10 ಯೂನಿಟ್. ಅದರಲ್ಲಿ ಅರ್ಧಕ್ಕಿಂತ ಕಡಿಮೆ ನೀರಿಗೆ ದಕ್ಕಿದರೂ 100 ಲೀಟರ್ ನೀರು 60 ಡಿಗ್ರಿಯ ಹತ್ತಿರ ಬರುತ್ತದೆ. ನಾಲ್ಕು ಜನರ ಜಳಕಕ್ಕೆ ಅದು ಧಾರಾಳ.

ಆದರೆ ಮೋಡದ ದಿನಕ್ಕೆಂದು ಅದೇ ಟ್ಯಾಂಕಿನೊಳಗೆ ವಿದ್ಯುತ್ ತಂತು ಇಟ್ಟಿರುವ ಮನೆಗಳಲ್ಲಿ ನಡೆಯುವುದೇ ಬೇರೆ. ನೀರು ಎಷ್ಟು ಕಾದಿದೆಯೆಂದು ತಿಳಿಯದ ಮನೆಯವರು ರಾತ್ರಿ ತಂತಿನ ಸ್ವಿಚ್ ಹಾಕಿ ಮಲಗುತ್ತಾರೆ. ಬೆಳಗ್ಗೆ ಸೂರ್ಯ ಬಂದಾಗ ಟ್ಯಾಂಕು ಆಗಲೇ ಕಾದಿರುತ್ತದೆ. ಕಾದ ನೀರಿಗೆ ಫಲಕ ಕೊಡಬಲ್ಲ ಶಾಖ ಕಡಿಮೆ. ಟ್ಯಾಂಕಿನಲ್ಲಿ ಒಂದು ಉಷ್ಣಮಾಪಕ ಇದ್ದಿದ್ದರೆ, ಸಂಜೆ ಒಂದು ಸಲ ನೋಡಿದ್ದರೆ, ವರ್ಷದ ಬಹುಪಾಲು ದಿನಗಳಲ್ಲಿ ಆ ಸ್ವಿಚ್ಚಿನ ಅಗತ್ಯವೇ ಬೀಳುತ್ತಿರಲಿಲ್ಲ.

ಸರ್ಕಾರವೂ ಅಳತೆ ಮರೆತಿದೆ. ಹೊಸ ಕಟ್ಟಡಗಳಿಗೆ ಸೌರ ನೀರು ಕಾಯಿಸುವ ವ್ಯವಸ್ಥೆ ಕಡ್ಡಾಯವೆಂದು 2007ರಲ್ಲಿ ಕರ್ನಾಟಕ ಸರ್ಕಾರ ಆದೇಶಿಸಿತು. ಸೋಲಾರ್ ಇರುವ ಮನೆಗಳಿಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿಯ ರಿಯಾಯಿತಿಯೂ ವರ್ಷಗಟ್ಟಲೆ ದರಪಟ್ಟಿಯಲ್ಲಿತ್ತು. ಆದೇಶ ಒಳ್ಳೆಯದು. ಆದರೆ ರಿಯಾಯಿತಿ ಸಿಕ್ಕಿದ್ದು ಛಾವಣಿಯ ಮೇಲಿನ ಫಲಕಕ್ಕೇ ಹೊರತು ನಲ್ಲಿಯಲ್ಲಿ ಬಂದ ಶಾಖಕ್ಕಲ್ಲ. ಫಲಕ ಧೂಳು ಹಿಡಿದರೂ, ಕೊಳವೆಯಲ್ಲಿ ಸುಣ್ಣ ಕಟ್ಟಿದರೂ ಕಾಗದದ ಮೇಲೆ ಅದು ಸೋಲಾರ್ ಮನೆಯೇ.

ತೀರ ಬಿಸಿಯೂ ಬೇಡ, ತೀರ ತಂಪೂ ಬೇಡ

ಹಾಗಾದರೆ ಸಿಲಿಂಡರನ್ನು 40 ಡಿಗ್ರಿಗೇ ನಿಲ್ಲಿಸಬಾರದೇಕೆ? ಇದಕ್ಕೆ ಉತ್ತರ ವೈದ್ಯಶಾಸ್ತ್ರದಲ್ಲಿದೆ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಯೋಧರು ವಿಚಿತ್ರ ನ್ಯುಮೋನಿಯಾಕ್ಕೆ ತುತ್ತಾದರು. ಮರುವರ್ಷ ಅದಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಪತ್ತೆಯಾಗಿ ‘ಲೀಜಿಯೊನೆಲ್ಲಾ’ ಎಂಬ ಹೆಸರು ಪಡೆಯಿತು. ನಿಂತ ಉಗುರುಬೆಚ್ಚಗಿನ ನೀರು ಅದಕ್ಕೆ ಪ್ರಿಯ. 60 ಡಿಗ್ರಿಯಲ್ಲಿ ಅದು ಬದುಕಲಾರದು. ಆದ್ದರಿಂದಲೇ ಬಿಸಿನೀರನ್ನು ಕೂಡಿಡುವ ಟ್ಯಾಂಕು 60 ಡಿಗ್ರಿಯಲ್ಲಿರಬೇಕು ಎಂಬುದು ತಜ್ಞರ ಸಲಹೆ. ದಿನಗಟ್ಟಲೆ ನೀರು ನಿಲ್ಲುವ ಹಾಸ್ಟೆಲು, ಆಸ್ಪತ್ರೆ, ವಸತಿಗೃಹಗಳಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ.

ಇನ್ನೊಂದು ಬದಿಯಲ್ಲಿ ಸುಡುವ ಅಪಾಯವಿದೆ. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನು ಸುಮಾರು ಐದು ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ; ಎಳೆಯ ಮಗುವಿಗೆ ಅಷ್ಟೂ ಹೊತ್ತು ಬೇಡ. 50 ಡಿಗ್ರಿಯ ನೀರಾದರೆ ಅದಕ್ಕೆ ನಿಮಿಷಗಳೇ ಬೇಕು. ಬಾಣಂತಿಗೂ ಹಸುಗೂಸಿಗೂ ಬಿಸಿಬಿಸಿ ನೀರು ಎರೆಯುವುದು ಬಯಲುನಾಡಿನಲ್ಲಿಯೂ ಮಲೆನಾಡಿನಲ್ಲಿಯೂ ಇರುವ ರೂಢಿ. ಎರೆಯುವ ಅಜ್ಜಿಯ ಕೈ ದಶಕಗಳ ಕೆಲಸದಿಂದ ಗಟ್ಟಿಯಾಗಿರುತ್ತದೆ. ಕೂಸಿನ ಚರ್ಮ ಎಂಟು ದಿನದ್ದು. ಅಜ್ಜಿಯ ಪ್ರೀತಿಯನ್ನು ಯಾರೂ ಸಂಶಯಿಸಬೇಕಿಲ್ಲ. ಆದರೆ ಆ ಕೈಯ ತೀರ್ಪಿನ ಮೇಲೆಯೇ ಕೂಸಿನ ಮೈಯನ್ನು ಬಿಡುವುದು ಸರಿಯಲ್ಲ. ಬಿಸಿನೀರಿನ ಹಂಡೆಗೆ ಬಿದ್ದ ಮಗುವಿನ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟಗಳನ್ನು ಓದುವವರಿಗೆ ಅಪರಿಚಿತವಲ್ಲ.

ಮೂರನೆಯ ಮಾತು ಬಯಲುನಾಡಿನ ಗಡಸು ನೀರಿನದು. ಕೊಳವೆಬಾವಿಯ ನೀರಿನಲ್ಲಿ ಕರಗಿದ ಸುಣ್ಣದಂಶ ಬಿಸಿ ಹೆಚ್ಚಿದಂತೆಲ್ಲ ಬೇರ್ಪಟ್ಟು ತಂತಿನ ಮೇಲೆ ಬಿಳಿಯ ಪದರವಾಗಿ ಕೂರುತ್ತದೆ. 60 ಡಿಗ್ರಿಗಿಂತ ಮೇಲೆ ಈ ಕೆಲಸ ಚುರುಕಾಗುತ್ತದೆ. ಹೀಗಾಗಿ ಟ್ಯಾಂಕಿನಲ್ಲಿ 60, ಬಕೆಟ್ಟಿನಲ್ಲಿ 40 ಎಂಬ ಎರಡು ಅಂಕಿಗಳಲ್ಲಿ ಆರೋಗ್ಯವೂ ಮಿತವ್ಯಯವೂ ಅಡಗಿವೆ. ಅಳೆಯದವರಿಗೆ ಎರಡೂ ದಕ್ಕುವುದಿಲ್ಲ.

ಮಲೆನಾಡಿನ ಹಂಡೆಯೂ ನಿರ್ದೋಷಿಯಲ್ಲ

ಇಷ್ಟನ್ನು ಓದಿದ ಮಲೆನಾಡಿನ ಗೃಹಸ್ಥರು, ಇದೆಲ್ಲ ಪೇಟೆಯವರ ತಪ್ಪು ಎಂದು ನಿಟ್ಟುಸಿರು ಬಿಡುವಂತಿಲ್ಲ. ನಾಲ್ಕು ಬಕೆಟ್ ಜಳಕಕ್ಕೆ ಬೇಕಾದ 1200 ಕಿಲೋ ಕ್ಯಾಲೊರಿ ಶಾಖ, ಒಣಗಿದ ಕಟ್ಟಿಗೆಯ ಮೂರನೆಯ ಒಂದು ಕಿಲೋದಲ್ಲಿಯೇ ಇದೆ. ಹಳೆಯ ಒಲೆ ಆ ಶಾಖದ ಹತ್ತನೆಯ ಒಂದು ಪಾಲನ್ನು ಮಾತ್ರ ನೀರಿಗೆ ಮುಟ್ಟಿಸಿದರೆ ದಿನಕ್ಕೆ ಸುಮಾರು 3.4 ಕಿಲೋ, ವರ್ಷಕ್ಕೆ 1.2 ಟನ್ ಕಟ್ಟಿಗೆ ಬೇಕು. ಇದು ಅಗತ್ಯದ ನೀರಿಗೆ ಮಾತ್ರ. ಮಳೆಗಾಲದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುಂಟೆ ಹೊಗೆಯಾಡುತ್ತ, ಯಾರೂ ಮೀಯದ ಹಂಡೆಯ ನೀರು ಕುದಿಯುತ್ತ ಇರುವ ಬಚ್ಚಲುಗಳ ಲೆಕ್ಕ ಬೇರೆ. ಆ ಹೊಗೆಯನ್ನು ಕುಡಿಯುವವರೂ, ಆ ಹೊರೆಯನ್ನು ಬೆಟ್ಟದಿಂದ ಹೊತ್ತು ತರುವವರೂ ಹೆಂಗಸರು.

ಬಯಲುನಾಡಿನಲ್ಲಿ ಕಾಡಿನ ಕಟ್ಟಿಗೆಯ ಬದಲು ಹತ್ತಿಯ ಕಡ್ಡಿ, ಗೋವಿನಜೋಳದ ತೆನೆಯ ದಿಂಡು, ಕುಳ್ಳು ಒಲೆ ಸೇರುತ್ತವೆ. ಅವು ಕಸವಲ್ಲ. ಮಣ್ಣಿಗೆ ಮರಳಬೇಕಾದ ಇಂಗಾಲವದು. ಎರೆಭೂಮಿಯ ಸಾವಯವ ಅಂಶ ಕುಸಿಯುತ್ತಿದೆ ಎಂದು ಕೃಷಿ ಸಭೆಗಳಲ್ಲಿ ಮರುಗುವವರು ಸಭೆ ಮುಗಿಸಿ ಮನೆಗೆ ಬಂದು ಅದೇ ಇಂಗಾಲವನ್ನು ಬಚ್ಚಲಿನಲ್ಲಿ ಸುಡುತ್ತಾರೆ.

ಪರಿಹಾರ ಆಕಾಶದಿಂದ ಇಳಿಯಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ, ತುಮಕೂರು ಜಿಲ್ಲೆಯ ಉಂಗ್ರ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಯಾವ ಕೆಲಸಕ್ಕೆ ಎಷ್ಟು ಕಟ್ಟಿಗೆ ಉರಿಯುತ್ತದೆಂದು ತೂಗಿ ನೋಡಿತು. ತೂಗಿದ ಮೇಲೆಯೇ ಅಸ್ತ್ರ ಒಲೆ ರೂಪುಗೊಂಡದ್ದು. ಒಲೆ ಶಾಖದ ಹತ್ತನೆಯ ಒಂದರ ಬದಲು ಹತ್ತನೆಯ ಮೂರು ಪಾಲನ್ನು ನೀರಿಗೆ ಕೊಟ್ಟರೂ ಸಾಕು, ಅದೇ ಮನೆಯ 1.2 ಟನ್ ಕಟ್ಟಿಗೆ 400 ಕಿಲೋಗೆ ಇಳಿಯುತ್ತದೆ. ಹಂಡೆಯ ಬಾಯಿಗೆ ಒಂದು ಉಷ್ಣಮಾಪಕ ಇಳಿಬಿಟ್ಟು, 60 ಮುಟ್ಟಿದ ಕೂಡಲೇ ಕಟ್ಟಿಗೆ ಹಿಂದಕ್ಕೆಳೆಯುವ ಅಭ್ಯಾಸವಾದರೆ ಅದಕ್ಕಿಂತಲೂ ಕೆಳಗೆ.

ಹತ್ತು ಲಕ್ಷ ಗೀಸರು, ಒಂದು ಕಣಿವೆ

ಈಗ ತಂತಿಯ ಇನ್ನೊಂದು ತುದಿಗೆ ಹೋಗಬೇಕು. ಸಾಮಾನ್ಯ ಗೀಸರಿನ ಶಕ್ತಿ 2 ಕಿಲೋವ್ಯಾಟ್. ಹತ್ತು ಲಕ್ಷ ಗೀಸರುಗಳು ಒಟ್ಟಿಗೆ ಉರಿದರೆ 2000 ಮೆಗಾವ್ಯಾಟ್. 2011ರ ಜನಗಣತಿಯಂತೆ ರಾಜ್ಯದಲ್ಲಿದ್ದ ಸುಮಾರು 1.3 ಕೋಟಿ ಮನೆಗಳಲ್ಲಿ ಇದು ನೂರಕ್ಕೆ ಎಂಟೂ ಅಲ್ಲ.

2000 ಮೆಗಾವ್ಯಾಟ್ ಎಂಬ ಅಂಕಿ ಮಲೆನಾಡಿಗೆ ಪರಿಚಿತವೇ. ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ, ಶರಾವತಿ ಕಣಿವೆಯ ಒಡಲನ್ನು ಕೊರೆದು ಕಟ್ಟಲು ಕರ್ನಾಟಕ ವಿದ್ಯುತ್ ನಿಗಮ ಮುಂದಿಟ್ಟ ಪಂಪ್ಡ್ ಸ್ಟೋರೇಜ್ ಯೋಜನೆಯ ಸಾಮರ್ಥ್ಯ ಅಷ್ಟೇ. ಬೇಡಿಕೆ ಕಡಿಮೆಯಿದ್ದಾಗ ನೀರನ್ನು ಮೇಲಕ್ಕೆ ತಳ್ಳಿ, ಬೇಡಿಕೆ ಏರಿದಾಗ ಕೆಳಕ್ಕೆ ಬಿಟ್ಟು ವಿದ್ಯುತ್ ಪಡೆಯುವುದು ಅದರ ಕ್ರಮ. ಇಂಥ ಯೋಜನೆಗಳು ತಿಂದ ವಿದ್ಯುತ್ತಿನಲ್ಲಿ ಶೇಕಡಾ 20ರಿಂದ 25ರಷ್ಟನ್ನು ಹಿಂದಕ್ಕೆ ಕೊಡುವುದಿಲ್ಲ. ಲಿಂಗನಮಕ್ಕಿಗಾಗಿ 1964ರ ಹೊತ್ತಿಗೆ ಊರುಮನೆ ಮುಳುಗಿಸಿಕೊಂಡವರ ಭೂಹಕ್ಕಿನ ಪ್ರಶ್ನೆಯೇ ಇನ್ನೂ ಪೂರ್ತಿ ಬಗೆಹರಿದಿಲ್ಲ. 2019ರಲ್ಲಿ ಸಿಂಗಳೀಕಗಳ ಅಭಯಾರಣ್ಯವೆಂದು ಘೋಷಿಸಿದ ಅದೇ ಕಣಿವೆಗೆ ಸುರಂಗದ ನಕ್ಷೆ ಸಿದ್ಧವಾಯಿತು.

ಎಲ್ಲ ಗೀಸರುಗಳೂ ಒಂದೇ ಕ್ಷಣ ಉರಿಯುವುದಿಲ್ಲ, ಸಂಜೆಯ ದೀಪ-ಕಾರ್ಖಾನೆಗಳ ಬೇಡಿಕೆ ಬೇರೆಯೇ ಇದೆ ಎಂದು ಯೋಜನೆಯ ಪರ ಇರುವವರು ಹೇಳುತ್ತಾರೆ. ಮಾತು ನಿಜ. ಬಚ್ಚಲನ್ನು ತಿದ್ದಿದ ಮಾತ್ರಕ್ಕೆ ಬೇಡಿಕೆಯೆಲ್ಲ ಕರಗುವುದಿಲ್ಲ. ಆದರೆ ಬೆಳಗಿನ ಏರಿಕೆಯಲ್ಲಿ ಗೀಸರಿನ ಪಾಲೆಷ್ಟು, ಅದರಲ್ಲಿ ಸೋರಿಕೆ ಎಷ್ಟು, ಹೊತ್ತು ಬದಲಿಸಬಹುದಾದದ್ದು ಎಷ್ಟು ಎಂಬುದನ್ನು ಮನೆಗಳಲ್ಲಿ ಅಳೆದು ಜನರ ಮುಂದಿಟ್ಟ ಮೇಲೆ ಕಣಿವೆಯನ್ನು ಕೊರೆಯುವ ಮಾತಾಡಬೇಕಿತ್ತು. ಮೊದಲು ಸುರಂಗ, ಅನಂತರ ಲೆಕ್ಕ ಎಂಬುದು ವಿಜ್ಞಾನದ ಕ್ರಮವಲ್ಲ.

ಬಿಸಿನೀರಿನ ಸಿಲಿಂಡರೇ ಶಕ್ತಿಯನ್ನು ಕೂಡಿಡುವ ಕಣಜ. ಪಾವಗಡದ 2050 ಮೆಗಾವ್ಯಾಟ್ ಸೌರ ಪಾರ್ಕಿನಂಥವು ನಡುಹಗಲಿನಲ್ಲಿ ಧಾರಾಳವಾಗಿ ಕೊಡುವ ವಿದ್ಯುತ್ತನ್ನು ಮನೆಮನೆಯ ಸಿಲಿಂಡರಿನಲ್ಲಿ ಶಾಖವಾಗಿ ಇಡಬಹುದು. ಇಲ್ಲಿಯೂ ಕುರುಡು ನಂಬಿಕೆ ಸಲ್ಲದು. 25 ಲೀಟರಿನ ಸಿಲಿಂಡರೊಂದು ಮಧ್ಯಾಹ್ನ 2 ಗಂಟೆಗೆ 65 ಡಿಗ್ರಿ ಇದ್ದು ಮರುದಿನ ಬೆಳಗಿನ 6ಕ್ಕೆ 51ಕ್ಕೆ ಇಳಿದರೆ, ನೀರು ಜಳಕಕ್ಕೆ ಸಾಕು; ಆದರೆ ತುಂಬಿದ ಶಾಖದ ಮೂರನೆಯ ಒಂದು ಪಾಲು ಸೋರಿಹೋಯಿತು. ಅಂಥ ಸಿಲಿಂಡರು ಪಂಪ್ಡ್ ಸ್ಟೋರೇಜಿಗಿಂತಲೂ ಕೆಟ್ಟ ಕಣಜ. ಸಿಲಿಂಡರಿನ ಹೊದಿಕೆಯನ್ನು ಸುಧಾರಿಸಿ ಸೋರಿಕೆಯನ್ನು ಅರ್ಧಕ್ಕಿಳಿಸಿದರೆ ಅದು ಯಾವ ಮರವನ್ನೂ ಕಡಿಯದ ಒಳ್ಳೆಯ ಕಣಜವಾಗುತ್ತದೆ. ಸಂಜೆಯೇ ಜಳಕ ಮಾಡುವ ಮನೆಯಲ್ಲಂತೂ ನಷ್ಟ ಅಲ್ಪ. ಯಾವ ಮನೆಯ ಸಿಲಿಂಡರು ಯಾವ ಬಗೆಯದೆಂದು ಹೇಳಬಲ್ಲದ್ದು ಉಷ್ಣಮಾಪಕ ಮಾತ್ರ.

ಸೊನ್ನೆ ಬಿಲ್ಲಿನ ಮರೆವು

2023ರಿಂದ ಗೃಹಜ್ಯೋತಿ ಯೋಜನೆ 200 ಯೂನಿಟ್ ಮಿತಿಯೊಳಗಿನ ಮನೆಗಳ ವಿದ್ಯುತ್ ಬಿಲ್ಲಿಗೆ ಬಿಡುವು ಕೊಟ್ಟಿತು. ಕೂಲಿಯಿಂದ ಬದುಕುವ ಸಂಸಾರಕ್ಕೆ ಅದು ದೊಡ್ಡ ಆಸರೆ. ಬಡವರ ಮನೆಯ ಒಂದು ಬಕೆಟ್ ಬಿಸಿನೀರಿನ ಮೇಲೆ ಕಣ್ಣು ಹಾಕುವುದು ಅನ್ಯಾಯ ಎಂಬ ಮಾತೂ ಒಪ್ಪತಕ್ಕದ್ದೇ. ಇಲ್ಲಿ ಪ್ರಶ್ನೆಯಿರುವುದು ಜಳಕದ 1.4 ಯೂನಿಟ್ಟಿನ ಬಗ್ಗೆ ಅಲ್ಲ; ಅದರ ಹಿಂದೆ ಯಾರ ಮೈಯನ್ನೂ ಮುಟ್ಟದೆ ಸೋರುವ ಶಾಖದ ಬಗ್ಗೆ. ಬಿಲ್ಲಿನಲ್ಲಿ ಸೊನ್ನೆ ಕಂಡೊಡನೆ ಖರ್ಚೂ ಸೊನ್ನೆಯೆಂಬ ಮರೆವು ಬರುತ್ತದೆ. ಸವಣೂರಿನ ಮನೆ ಕೊಡದ ಬೆಲೆಯನ್ನು ಸರ್ಕಾರದ ಬೊಕ್ಕಸ ಒಂದಿಷ್ಟು ಕೊಡುತ್ತದೆ. ಉಳಿದದ್ದನ್ನು ಕಣಿವೆ ಕೊಡುತ್ತದೆ.

ಆಗಬೇಕಾದದ್ದೇನು?

ಮೊದಲ ಕೆಲಸ ವಿದ್ಯಾರ್ಥಿಗಳದು. ಸವಣೂರಿನ ಕಾಲೇಜಿನಿಂದ ಶಿರಸಿಯ ಪ್ರೌಢಶಾಲೆಯವರೆಗೆ ಪ್ರಯೋಗಶಾಲೆಯಲ್ಲಿ 110 ಡಿಗ್ರಿಯವರೆಗೆ ಅಳೆಯುವ ಉಷ್ಣಮಾಪಕವಿದೆ. ಜ್ವರ ನೋಡುವ ಮಾಪಕ ಇದಕ್ಕೆ ಬಾರದು. ರಾತ್ರಿ ಗೀಸರ್ ಪೂರ್ತಿ ಕಾದು ದೀಪ ಆರಿದ ಮೇಲೆ ಸ್ವಿಚ್ ತೆಗೆದು, ನಲ್ಲಿಯಿಂದ ಒಂದು ಲೋಟ ನೀರು ಬಿಟ್ಟು ಚೆಲ್ಲಿ, ಎರಡನೆಯ ಲೋಟದ ಉಷ್ಣತೆ ಬರೆದುಕೊಳ್ಳಬೇಕು. ಬೆಳಗ್ಗೆ ಸ್ವಿಚ್ ಹಾಕುವ ಮೊದಲು ಹಾಗೆಯೇ ಇನ್ನೊಮ್ಮೆ. ಕೊಳವೆ ಉದ್ದವಿದ್ದರೆ ಅದರಲ್ಲಿ ನಿಂತ ತಣ್ಣೀರು ಹೋಗುವವರೆಗೆ ಬಿಡಬೇಕು. ಆ ನೀರನ್ನು ಗಿಡಕ್ಕೆ ಹಾಕಬಹುದು. ಇಳಿದ ಡಿಗ್ರಿಯನ್ನು ಸಿಲಿಂಡರಿನ ಲೀಟರಿನಿಂದ ಗುಣಿಸಿ 860ರಿಂದ ಭಾಗಿಸಿದರೆ ಒಂದು ರಾತ್ರಿಯ ಸೋರಿಕೆ ಯೂನಿಟ್ಟಿನಲ್ಲಿ ಸಿಗುತ್ತದೆ. 25 ಲೀಟರಿನಲ್ಲಿ 12 ಡಿಗ್ರಿ ಇಳಿದಿದ್ದರೆ 0.35 ಯೂನಿಟ್: ಒಬ್ಬರ ಜಳಕವೇ ಗಾಳಿಗೆ ಹೋದಂತೆ. ಗೀಸರಿನ ಮುಚ್ಚಳವನ್ನು ಮಾತ್ರ ಯಾರೂ ಬಿಚ್ಚಕೂಡದು. ಥರ್ಮೋಸ್ಟಾಟ್ ತಿರುಗಿಸುವುದು ತಿಳಿದ ಎಲೆಕ್ಟ್ರಿಷಿಯನ್ನನ ಕೆಲಸ. ಹೀಗೆ ಒಂದು ವಾರ ಒಂದು ಊರಿನ ನಲವತ್ತು ಮನೆಗಳ ಲೆಕ್ಕ ಸೇರಿದರೆ, ವಿದ್ಯುತ್ ಕಚೇರಿಯ ಮುಂದೆ ಕೂಗುವ ಘೋಷಣೆಗಿಂತ ಅದರ ತೂಕ ಹೆಚ್ಚು.

ಎರಡನೆಯದು ತಯಾರಕರದು. ಹೊರಗಿನಿಂದ ಓದಲು ಬರುವ ನಂಬಿಕೆಗೆ ಅರ್ಹವಾದ ಮಾಪಕ, ಕೈಗೆಟುಕುವ ತಿರುಗುಗುಂಡಿ, ದಪ್ಪ ಶಾಖರೋಧಕ ಹೊದಿಕೆ ಇವಿಲ್ಲದ ಗೀಸರು ಮಾರಾಟಕ್ಕೆ ಬರಬಾರದು. ಸೌರ ಟ್ಯಾಂಕಿನ ಉಷ್ಣತೆ ಬಚ್ಚಲಿನ ಗೋಡೆಯ ಮೇಲೆ ಕಾಣಬೇಕು.

ಮೂರನೆಯದು ಸರ್ಕಾರದ್ದು. ರಿಯಾಯಿತಿ ಕೊಡುವುದಾದರೆ ಫಲಕಕ್ಕಲ್ಲ, ಅಳೆದ ಶಾಖಕ್ಕೆ ಕೊಡಲಿ. ಹಾಸ್ಟೆಲು, ಆಸ್ಪತ್ರೆಗಳ ಬಿಸಿನೀರಿನ ಉಷ್ಣತೆಯನ್ನು ದಿನವೂ ಪುಸ್ತಕದಲ್ಲಿ ಬರೆಸಲಿ. ನಡುಹಗಲಿನಲ್ಲಿ ಕಾಯಿಸುವವರಿಗೆ ಅನುಕೂಲವಾಗುವ ದರ ತರಲಿ. ಇಷ್ಟನ್ನು ಮಾಡಿ, ಅಳೆದು, ಉಳಿದ ಕೊರತೆಯ ಅಂಕಿಯನ್ನು ಜನರ ಮುಂದಿಡಲಿ. ಅಲ್ಲಿಯವರೆಗೆ ಶರಾವತಿಯ ಬಂಡೆಗೆ ಬೈರಿಗೆ ಇಡುವ ನೈತಿಕ ಹಕ್ಕು ಯಾರಿಗೂ ಇಲ್ಲ.

ಮಲೆನಾಡಿನ ಬಂಧುಗಳಿಗೂ ಇದೇ ಮಾತು. ಕಣಿವೆ ಉಳಿಸಿ ಎಂದು ಸಭೆಗೆ ಹೊರಡುವ ಮುನ್ನ ಮನೆಯ ಹಿತ್ತಲಿನ ಹಂಡೆಯ ಕೆಳಗೆ ಇನ್ನೂ ಉರಿಯುತ್ತಿರುವ ಕುಂಟೆಯನ್ನು ಹಿಂದಕ್ಕೆ ಎಳೆದು ಹೊರಡಬೇಕು.